ಏಳು ತಿಂಗಳ ಶಿಕ್ಷೆ, ಹದಿನಾಲ್ಕು ವರ್ಷದ ಕೋರ್ಟು

ಪ್ರಶ್ನೆ: ನಾವು ಬೆಳಗಾವಿ ಕಡೆಯವರು, ಕೆಲಸಕ್ಕಾಗಿ ಪುಣೆಯಲ್ಲಿದ್ದೇವೆ. 2015ರಲ್ಲಿ ಬಾಲೇವಾಡಿ ಮೈದಾನದಲ್ಲಿ ರೊಮೇನಿಯಾದ ಆಡ್ರಿಯನ್ ಮುಟು ಪುಣೆ ಸಿಟಿ ತಂಡಕ್ಕೆ ಆಡುವುದನ್ನು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದ್ದೆ. ಅವನಿಗೆ ಫುಟ್ಬಾಲ್ ಹುಚ್ಚು ಹಿಡಿದದ್ದೇ ಆವತ್ತು. ಈಗ ಹದಿನೇಳು ವರ್ಷ, ಒಂದು ಕ್ಲಬ್ಬಿನಿಂದ ಮೂರು ವರ್ಷದ ಕರಾರು ಬಂದಿದೆ. ಅದರಲ್ಲೊಂದು ಸಾಲು: ‘ನಿಷೇಧಿತ ವಸ್ತು ಪತ್ತೆಯಾದರೆ ಕ್ಲಬ್ ಕರಾರು ರದ್ದು ಮಾಡಬಹುದು, ಆದ ನಷ್ಟವನ್ನು ಆಟಗಾರ ತುಂಬಿಕೊಡಬೇಕು.’ ಆಫೀಸಿನ ಗೆಳೆಯರೊಬ್ಬರು, ‘ಮುಟುವಿನ ಕತೆ ಗೊತ್ತಲ್ಲ? ಶಕ್ತಿ ಬರೋ ಡ್ರಗ್ಸ್ ತಗೊಂಡು ಸಿಕ್ಕಿಬಿದ್ದ, ಅಲ್ಲಿಗೆ ಆಟ ಮುಗೀತು, ನೂರಾರು ಕೋಟಿ ದಂಡ ಬಿತ್ತು, ಸಾಲ ತಾಳಲಾರದೆ ಭಾರತಕ್ಕೆ ಓಡಿಬಂದ’ ಎಂದು ಹೆದರಿಸಿದ್ದಾರೆ. ಮಗ ಜಿಮ್ಮಿನವರು ಕೊಟ್ಟ ಪುಡಿ ಕುಡಿಯುತ್ತಾನೆ, ನೆಗಡಿಯಾದರೆ ಮೆಡಿಕಲ್ ಶಾಪಿನ ಗುಳಿಗೆ ನುಂಗುತ್ತಾನೆ. ಸಹಿ ಹಾಕಲೋ ಬೇಡವೋ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಮಗನ ಹೊಟ್ಟೆಗೆ ಹೋಗುವುದರ ಬಗ್ಗೆ ಒಂದು, ಆ ಕಾಗದದ ಸಾಲಿನ ಬಗ್ಗೆ ಇನ್ನೊಂದು. ಆಟಗಾರರ ಕರಾರುಗಳನ್ನು ಓದುವುದೇ ನನ್ನ ವೃತ್ತಿ. ಅಪ್ಪಂದಿರು ಸಾಮಾನ್ಯವಾಗಿ ಮೊದಲನೆಯದಕ್ಕೆ ಹೆದರುತ್ತಾರೆ, ಎರಡನೆಯದರ ಕೆಳಗೆ ಓದದೆ ಸಹಿ ಹಾಕುತ್ತಾರೆ. ಮುಟುವಿನ ಬದುಕಿನಲ್ಲಿ ಹೆಚ್ಚು ಸುಟ್ಟದ್ದು ಈ ಎರಡನೆಯದು. ಗೆಳೆಯರು ಹೇಳಿದ ನಾಲ್ಕು ಮಾತಿನಲ್ಲಿ ಒಂದು ಮಾತ್ರ ನಿಜ.

ಮೊದಲು ‘ಶಕ್ತಿ ಬರೋ ಡ್ರಗ್ಸ್’ ವಿಚಾರ. 2004ರ ಅಕ್ಟೋಬರ್‌ನಲ್ಲಿ ಚೆಲ್ಸಿ ಕ್ಲಬ್ಬಿನಲ್ಲಿದ್ದಾಗ ಅವನ ಮೂತ್ರದಲ್ಲಿ ಸಿಕ್ಕಿದ್ದು ಕೊಕೇನ್. ಗೋಲು ಹೊಡೆಯಲು ಯಾರೂ ಕೊಕೇನ್ ತೆಗೆದುಕೊಳ್ಳುವುದಿಲ್ಲ. ಅದು ಇಪ್ಪತ್ತೈದು ವರ್ಷದ, ಕೈತುಂಬ ದುಡ್ಡಿದ್ದ, ಲಂಡನ್ನಿನಲ್ಲಿ ಒಂಟಿಯಾಗಿದ್ದ ಹುಡುಗನ ರಾತ್ರಿ ಬದುಕಿನ ಕುರುಹು. ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆಯೂ ಅದನ್ನು ಹಾಗೆಯೇ ಕಂಡಿತು: ಏಳು ತಿಂಗಳ ನಿಷೇಧ, 20,000 ಪೌಂಡ್ ದಂಡ. 2005ರ ಮೇನಲ್ಲಿ ಶಿಕ್ಷೆ ಮುಗಿಯಿತು. ಇಂದಿನ ವಾಡಾ (ವಿಶ್ವ ಡೋಪಿಂಗ್ ತಡೆ ಸಂಸ್ಥೆ) ನಿಯಮದಲ್ಲಿ ಕೊಕೇನ್ ‘ದುರ್ಬಳಕೆಯ ವಸ್ತು’ಗಳ ಪಟ್ಟಿಯಲ್ಲಿದೆ. ಸ್ಪರ್ಧೆಯ ಹೊತ್ತಿನ ಹೊರಗೆ ತೆಗೆದುಕೊಂಡದ್ದು, ಆಟಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ತೋರಿಸಿಕೊಟ್ಟರೆ ಶಿಕ್ಷೆ ಮೂರು ತಿಂಗಳು. ಒಪ್ಪಿತ ಚಿಕಿತ್ಸೆ ಪೂರೈಸಿದರೆ ಒಂದೇ ತಿಂಗಳಿಗೆ ಇಳಿಯಬಹುದು.

‘ಅಲ್ಲಿಗೆ ಆಟ ಮುಗೀತು’ ಎಂಬುದಂತೂ ತಿರುಗುಮುರುಗು. ಅವನ ಒಳ್ಳೆಯ ಕಾಲ ಶುರುವಾದದ್ದೇ ಆಮೇಲೆ. ಅರ್ಜೆಶ್ ಜಿಲ್ಲೆಯ ಕಲಿನೆಷ್ಟ್ ಊರಿನ ಹುಡುಗ, ಪಿಟೆಷ್ಟಿಯಲ್ಲಿ ಆಟ ಕಲಿತು, ಬುಕರೆಸ್ಟಿನ ಡಿನಾಮೋ ತಂಡದಲ್ಲಿ ಹೆಸರಾಗಿ, 2000ದಲ್ಲಿ ಇಟಲಿಯ ಇಂಟರ್ ಕ್ಲಬ್ಬಿಗೆ ಹೋದ. ರೊಮೇನಿಯಾದ ಮಹಾನ್ ಆಟಗಾರ ಗೆಯೋರ್ಗೆ ಹಾಜಿಯ ಯುಗ ಮುಗಿಯುತ್ತಿದ್ದ ಹೊತ್ತದು. ರೊಮೇನಿಯಾದಲ್ಲಿ ಕಾಲಲ್ಲಿ ಸ್ವಲ್ಪ ಕುಸುರಿ ಇದ್ದವನನ್ನೆಲ್ಲ ‘ಮುಂದಿನ ಹಾಜಿ’ ಎಂದು ಕರೆಯುತ್ತಿದ್ದರು, ಇವನನ್ನು ‘ಬ್ರಿಲಿಯಾಂಟುಲ್’, ವಜ್ರ ಅಂದರು. ವೆರೋನಾದಲ್ಲಿ ಪಳಗಿ, ಪಾರ್ಮಾದಲ್ಲಿ ಒಂದೇ ಸೀಸನ್ನಿನಲ್ಲಿ 18 ಲೀಗ್ ಗೋಲು ಹೊಡೆದ ಮೇಲೆ 2003ರ ಆಗಸ್ಟ್‌ನಲ್ಲಿ ಚೆಲ್ಸಿ 2.25 ಕೋಟಿ ಯೂರೋ ಕೊಟ್ಟು ಐದು ವರ್ಷಕ್ಕೆ ಕೊಂಡಿತು. ಮೊದಲ ಮೂರು ಲೀಗ್ ಪಂದ್ಯಗಳಲ್ಲಿ ನಾಲ್ಕು ಗೋಲು. ಆಮೇಲೆ ಆಟ ಇಳಿಯಿತು, ಮುಂದಿನ ವರ್ಷ ಕೋಚ್ ಆಗಿ ಜೋಸೆ ಮೊರಿನ್ಯೊ ಬಂದರು, ಇಬ್ಬರಿಗೂ ಹೊಂದಲಿಲ್ಲ.

ನಿಷೇಧ ಮುಗಿಸಿ ಬಂದವನು ಯುವೆಂಟಸ್‌ನಲ್ಲಿ ಒಂದು ಸೀಸನ್ ಆಡಿ, 2006ರಲ್ಲಿ ಫಿಯೊರೆಂಟೀನಾ ಸೇರಿದ. ಅಲ್ಲಿ ಕೋಚ್ ಪ್ರಾಂಡೆಲ್ಲಿ ಕೈಗೆ ಸಿಕ್ಕ, ಪಕ್ಕದಲ್ಲಿ ಇಟಲಿಯ ಗೋಲುಗಾರ ಲೂಕಾ ಟೋನಿ ಇದ್ದ. ಮೊದಲ ಮೂರು ಸೀಸನ್‌ಗಳಲ್ಲಿ 16, 17, 13 ಲೀಗ್ ಗೋಲು. ಇಟಲಿಯ ಡಿಫೆಂಡರ್‌ಗಳ ನಡುವೆ ಇದು ಆಟ ಮುಗಿದವನ ಲೆಕ್ಕವಲ್ಲ. ರೊಮೇನಿಯಾದ ವರ್ಷದ ಆಟಗಾರ ಪ್ರಶಸ್ತಿ ಅವನಿಗೆ ನಾಲ್ಕು ಸಲ ಬಂತು, ಮೂರು ನಿಷೇಧದ ನಂತರ. ದೇಶಕ್ಕಾಗಿ 77 ಪಂದ್ಯಗಳಲ್ಲಿ 35 ಗೋಲು, ಹಾಜಿಯ ದಾಖಲೆಗೆ ಸರಿಸಮ. ಹಾಜಿ ಅಷ್ಟು ಗೋಲಿಗೆ ನೂರಿಪ್ಪತ್ತಕ್ಕೂ ಹೆಚ್ಚು ಪಂದ್ಯ ಆಡಿದ್ದರು ಎಂಬುದನ್ನು ಮುಟು ಅಭಿಮಾನಿಗಳು ಮರೆಯದೆ ನೆನಪಿಸುತ್ತಾರೆ. ಹಾಜಿ ಮಿಡ್‌ಫೀಲ್ಡರ್ ಎಂಬುದನ್ನು ಅನುಕೂಲಕ್ಕೆ ಮರೆಯುತ್ತಾರೆ.

ಉಳಿದದ್ದು ದುಡ್ಡಿನ ಮಾತು. ಅದು ನಿಜ, ಆದರೆ ಅದು ದಂಡವಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ನಿಮ್ಮ ಕೈಯಲ್ಲಿರುವ ಕಾಗದದ ಬೇರು ಇಲ್ಲಿದೆ.

ದಂಡ ಎಂದರೆ ತಪ್ಪಿಗೆ ಸಂಸ್ಥೆ ಹಾಕುವುದು. ಮುಟುವಿಗೆ ಅದು 20,000 ಪೌಂಡಿಗೆ ಮುಗಿಯಿತು. ಇನ್ನೊಂದು ಪರಿಹಾರ. ಕರಾರು ಮುರಿದವನು ಎದುರಿನವನಿಗೆ ಆದ ನಷ್ಟ ತುಂಬಿಕೊಡುವುದು. 2004ರ ಅಕ್ಟೋಬರ್ 28ಕ್ಕೆ ಚೆಲ್ಸಿ ಅವನನ್ನು ಕೆಲಸದಿಂದ ತೆಗೆಯಿತು. ಆಮೇಲೆ, ‘ಕರಾರು ಮುರಿದದ್ದು ನಾವಲ್ಲ, ನೀನು. ನಿನಗಾಗಿ ಪಾರ್ಮಾಕ್ಕೆ ಕೊಟ್ಟ ದುಡ್ಡು ನೀರುಪಾಲಾಯಿತು, ಕಟ್ಟಿಕೊಡು’ ಎಂದಿತು. ಕಾನೂನು ಗೊತ್ತಿಲ್ಲದವರಿಗೂ ಇಲ್ಲಿ ಏನೋ ಓರೆ ಎನಿಸುತ್ತದೆ. ಮನೆಯಿಂದ ಹೊರಗೆ ಹಾಕಿದವರೇ ‘ಬಿಟ್ಟುಹೋದೆ’ ಎಂದು ಬಾಡಿಗೆ ಕೇಳಿದ ಹಾಗೆ. ಮುಟುವಿನ ವಕೀಲರ ವಾದವೂ ಅದೇ ಆಗಿತ್ತು. ಆದರೆ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ಪಂಚಾಯ್ತಿ ನ್ಯಾಯಾಲಯ 2005ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ಆಟಗಾರ ಬಾಯಲ್ಲಿ ‘ಬಿಡುತ್ತೇನೆ’ ಅನ್ನಬೇಕಾಗಿಲ್ಲ. ಕ್ಲಬ್ಬಿಗೆ ಮುಂದುವರಿಸಲು ಸಾಧ್ಯವಾಗದಷ್ಟು ಗುರುತರವಾಗಿ ನಡೆದುಕೊಂಡರೆ ಅದೇ ಕರಾರು ಮುರಿದಂತೆ, ಮುಕ್ತಾಯದ ಪತ್ರ ಯಾರು ಕೊಟ್ಟರೆಂಬುದು ಮುಖ್ಯವಲ್ಲ ಎಂದಿತು.

ಮೊತ್ತ ಎಲ್ಲಿಂದ ಬಂತು? ಕ್ಲಬ್ಬುಗಳು ಆಟಗಾರನನ್ನು ಕೊಂಡ ಬೆಲೆಯನ್ನು ಕರಾರಿನ ವರ್ಷಗಳ ಮೇಲೆ ಹಂಚಿ ಖರ್ಚು ಬರೆಯುತ್ತವೆ, ಟ್ರಾಕ್ಟರಿನ ಸವಕಳಿ ಬರೆದಂತೆ. 2.25 ಕೋಟಿ ಯೂರೋವನ್ನು ಸರಿಸುಮಾರು ಅರುವತ್ತು ತಿಂಗಳಿಗೆ ಹಂಚಿ. ಕೆಲಸದಿಂದ ತೆಗೆದಾಗ ನಲವತ್ತನಾಲ್ಕು ತಿಂಗಳು ಬಾಕಿ. ಗುಣಿಸಿ ನೋಡಿ, 1.65 ಕೋಟಿ ಬರುತ್ತದೆ. ಅದಕ್ಕೆ ಏಜೆಂಟರ ಶುಲ್ಕದಂಥ ಖರ್ಚುಗಳ ಉಳಿದ ಪಾಲು ಸೇರಿ, ಫಿಫಾದ ವ್ಯಾಜ್ಯ ಸಮಿತಿ 2008ರ ಮೇ 7ರಂದು ತೀರ್ಮಾನಿಸಿದ್ದು 1,71,73,990 ಯೂರೋ. ಆಗಿನ ಲೆಕ್ಕಕ್ಕೆ ನೂರು ಕೋಟಿ ರೂಪಾಯಿಗೂ ಮೇಲೆ. ಮುಂದಿನ ತಿಂಗಳು ಜೂರಿಕ್‌ನಲ್ಲಿ, ಯೂರೋ ಕಪ್ಪಿನಲ್ಲಿ, ಅವನು ಇಟಲಿಯ ಮೇಲೆ ಗೋಲು ಹೊಡೆದ. ಕೊನೆಯ ಹತ್ತು ನಿಮಿಷ ಉಳಿದಿದ್ದಾಗ ಗೆಲ್ಲಿಸಬಹುದಾಗಿದ್ದ ಪೆನಾಲ್ಟಿ ಹೊಡೆದ, ಯುವೆಂಟಸ್‌ನ ಹಳೆಯ ಜೊತೆಗಾರ, ಇಟಲಿಯ ಗೋಲ್‌ಕೀಪರ್ ಬುಫಾನ್ ತಡೆದ. ಪಂದ್ಯ 1–1.

2009ರ ಜುಲೈನಲ್ಲಿ ಲೊಸಾನ್ ನ್ಯಾಯಾಲಯ ಮೊತ್ತವನ್ನು ಎತ್ತಿಹಿಡಿಯಿತು. 2010ರಲ್ಲಿ ಸ್ವಿಟ್ಜರ್ಲೆಂಡಿನ ಸುಪ್ರೀಂ ಕೋರ್ಟ್ ಅವನ ಅರ್ಜಿ ತಳ್ಳಿತು. ಸ್ಟ್ರಾಸ್‌ಬರ್ಗ್‌ನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯಕ್ಕೂ ಹೋದ. ಪಂಚರು ನಿಷ್ಪಕ್ಷಪಾತಿಗಳಲ್ಲ ಎಂಬ ಅವನ ದೂರನ್ನು 2018ರ ಅಕ್ಟೋಬರ್‌ನಲ್ಲಿ ಅಲ್ಲೂ ಒಪ್ಪಲಿಲ್ಲ. ಜೊತೆಗೆ ವಿಚಾರಣೆಗೆ ಬಂದಿದ್ದ ಜರ್ಮನಿಯ ಸ್ಕೇಟರ್ ಕ್ಲೌಡಿಯಾ ಪೆಕ್‌ಸ್ಟೈನ್‌ಗೆ ಬಹಿರಂಗ ವಿಚಾರಣೆಯ ವಿಷಯದಲ್ಲಾದರೂ ಅರ್ಧ ಗೆಲುವು ಸಿಕ್ಕಿತು, ಇವನಿಗೆ ಅದೂ ಇಲ್ಲ. ಅಷ್ಟು ಹೊತ್ತಿಗೆ ಅವನು ಬೂಟು ಕಳಚಿ ಎರಡು ವರ್ಷವಾಗಿತ್ತು.

ನಡುವೆ ಒಂದು ಉಪಕತೆ ಇದೆ. ಚೆಲ್ಸಿ ಕೈಬಿಟ್ಟವನನ್ನು 2005ರ ಜನವರಿಯಲ್ಲಿ ಯುವೆಂಟಸ್ ಬಯಸಿತು, ಆದರೆ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಅವರ ಕೋಟಾದಲ್ಲಿ ಜಾಗವಿರಲಿಲ್ಲ. ರೊಮೇನಿಯಾ ಒಕ್ಕೂಟ ಸೇರಿದ್ದು 2007ರಲ್ಲಿ. ಹಾಗಾಗಿ ಲಿವೋರ್ನೊ ಎಂಬ ಸಣ್ಣ ಕ್ಲಬ್ಬು ಅವನ ಹೆಸರು ಬರೆದುಕೊಂಡು ಯುವೆಂಟಸ್‌ಗೆ ದಾಟಿಸಿತು. ದುಡ್ಡು ಕೊಡದೆ ಪಡೆದವನನ್ನು ಯುವೆಂಟಸ್ ಮರುವರ್ಷ ಸುಮಾರು 80 ಲಕ್ಷ ಯೂರೋಗೆ ಮಾರಿತು. ‘ಲಾಭ ಉಂಡವರು ಸಾಲದಲ್ಲೂ ಪಾಲು ಕೊಡಲಿ’ ಎಂದು 2013ರಲ್ಲಿ ಫಿಫಾ ಆ ಎರಡು ಕ್ಲಬ್ಬುಗಳನ್ನೂ ಹೊಣೆ ಮಾಡಿತು. 2015ರ ಜನವರಿಯಲ್ಲಿ ಲೊಸಾನ್ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಆಟಗಾರ ತಾನಾಗಿ ಹೊಸ ಕ್ಲಬ್ಬಿಗೆ ಹಾರಿದಾಗ ಮಾತ್ರ ಆ ಜಂಟಿ ಹೊಣೆ, ಹಳೆಯ ಕ್ಲಬ್ಬೇ ಹೊರಗೆ ಹಾಕಿದಾಗ ಅಲ್ಲ ಎಂಬುದು ಕಾರಣ. ಕಾನೂನಾಗಿ ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅದೇ ಹೊರಹಾಕುವಿಕೆ ಒಂದು ಪ್ರಕರಣದಲ್ಲಿ ‘ಆಟಗಾರ ಮುರಿದದ್ದು’, ಇನ್ನೊಂದರಲ್ಲಿ ‘ಕ್ಲಬ್ಬು ಕಳಿಸಿದ್ದು’ ಆದಾಗ ಬಡಪಾಯಿಗೆ ಎರಡೂ ಕಡೆ ಪೆಟ್ಟು.

ಇದನ್ನು ಇನ್ನೊಬ್ಬರ ಪಕ್ಕದಲ್ಲಿಟ್ಟು ನೋಡಿ. ಅದೇ ಕಾಲ, ಅದೇ ದೇಶ. ಮ್ಯಾಂಚೆಸ್ಟರ್ ಯುನೈಟೆಡ್‌ನ ರಿಯೋ ಫರ್ಡಿನಾಂಡ್ 2003ರಲ್ಲಿ ಡ್ರಗ್ ಟೆಸ್ಟಿಗೆ ಹಾಜರಾಗದೆ ಎಂಟು ತಿಂಗಳ ನಿಷೇಧ, 50,000 ಪೌಂಡ್ ದಂಡ ಹಾಕಿಸಿಕೊಂಡ. ಶಿಕ್ಷೆ ಮುಟುವಿಗಿಂತ ಹೆಚ್ಚೇ. ಆದರೆ ಕ್ಲಬ್ಬು ಅವನ ಬೆನ್ನಿಗೆ ನಿಂತಿತು, 2008ರಲ್ಲಿ ಚಾಂಪಿಯನ್ಸ್ ಲೀಗ್ ಕಪ್ಪನ್ನು ನಾಯಕನಾಗಿ ಎತ್ತಿದ. ಎರಡು ತಪ್ಪುಗಳು ಒಂದೇ ಅಲ್ಲ, ಒಪ್ಪುತ್ತೇನೆ. ಆದರೂ ಬದುಕುಗಳು ಕವಲೊಡೆದದ್ದು ನಿಷೇಧದ ಉದ್ದದಿಂದಲ್ಲ, ಕ್ಲಬ್ಬು ಏನು ಮಾಡಲು ಆರಿಸಿತು ಎಂಬುದರಿಂದ. ಕೋಚಿನ ಮನಸ್ಸಿಂದ ಇಳಿದ ಆಟಗಾರನಿಗೆ ‘ಶೂನ್ಯ ಸಹನೆ’ಯ ನಿಯಮ ಎಷ್ಟು ಬೇಗ ನೆನಪಾಗುತ್ತದೆ, ಗೋಲಿನ ಮೇಲೆ ಗೋಲು ಹೊಡೆಯುವವನಿಗೆ ಎಷ್ಟು ತಡವಾಗಿ ನೆನಪಾಗುತ್ತದೆ ಎಂದು ನನ್ನ ಮೇಜಿನ ಮೇಲೂ ನೋಡಿದ್ದೇನೆ.

‘ಸಾಲಕ್ಕೆ ಹೆದರಿ ಭಾರತಕ್ಕೆ ಓಡಿಬಂದ’ ಎಂಬುದು ಬರೀ ಊಹೆ. ಆ ವರ್ಷಗಳಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತಂಡಗಳು ಹೆಸರಾಂತ ಹಿರಿಯರನ್ನು ಕರೆತರುತ್ತಿದ್ದವು: ದೆಹಲಿಗೆ ರೊಬೆರ್ಟೊ ಕಾರ್ಲೋಸ್, ಮುಂಬೈಗೆ ಅನೆಲ್ಕಾ, ಗೋವಾಕ್ಕೆ ಲೂಸಿಯೊ. ಪುಣೆಗೆ 2014ರಲ್ಲಿ ಟ್ರೆಝೆಗೆ, ಮರುವರ್ಷ ಡೇವಿಡ್ ಪ್ಲಾಟ್ ಕೋಚಿಂಗ್‌ನಲ್ಲಿ ಮುಟು. ಮೂವತ್ತಾರು ದಾಟಿದವನಿಗೆ ಎರಡೂವರೆ ತಿಂಗಳ ಲೀಗು ಒಗ್ಗುವ ಕೆಲಸ. 2016ರಲ್ಲಿ ರೊಮೇನಿಯಾದ ತರ್ಗು ಮುರೆಷ್‌ನಲ್ಲಿ ಕೊನೆಯ ಪಂದ್ಯಗಳನ್ನಾಡಿ ನಿಲ್ಲಿಸಿದ. ಆಮೇಲೆ ಕೋಚ್ ಆದ. ರೊಮೇನಿಯಾದ 21 ವರ್ಷದೊಳಗಿನವರ ತಂಡವನ್ನು 2021ರ ಯೂರೋದಲ್ಲಿ ಒಂದು ಪಂದ್ಯವನ್ನೂ ಸೋಲದಂತೆ ನಡೆಸಿದ, ಗೋಲು ಅಂತರದಲ್ಲಿ ಹೊರಬಿದ್ದರು.

ಈಗ ನಿಮ್ಮ ಮಗನ ಪುಡಿ, ಗುಳಿಗೆ. ಇದಕ್ಕೆ ಮುಟುವಿನ ಎರಡನೇ ಪ್ರಕರಣ ಹೆಚ್ಚು ಹತ್ತಿರ. 2010ರ ಜನವರಿಯಲ್ಲಿ ಫಿಯೊರೆಂಟೀನಾದಲ್ಲಿದ್ದಾಗ ಎರಡು ಪಂದ್ಯಗಳ ಪರೀಕ್ಷೆಯಲ್ಲಿ ಸಿಬುಟ್ರಮಿನ್ ಸಿಕ್ಕಿ ಮತ್ತೆ ನಿಷೇಧ ಬಿತ್ತು. ಅದು ಹಸಿವು ಕುಗ್ಗಿಸುವ, ತೂಕ ಇಳಿಸುವ ಔಷಧಿ, ಉದ್ದೀಪಕಗಳ ಪಟ್ಟಿಯಲ್ಲಿದೆ. ಹೃದಯಕ್ಕೆ ಅಪಾಯ ಎಂದು ಯುರೋಪಿನಲ್ಲಿ ಅದೇ ಜನವರಿಯಲ್ಲಿ ತಡೆದರು, ಭಾರತದಲ್ಲಿ 2011ರಲ್ಲಿ ನಿಷೇಧವಾಯಿತು. ಆದರೂ ‘ಪೂರ್ತಿ ಗಿಡಮೂಲಿಕೆ’ ಎಂಬ ಲೇಬಲ್ಲಿನ ತೂಕ ಇಳಿಸುವ ಗುಳಿಗೆಗಳಲ್ಲಿ ಹೇಳದೆ ಬೆರೆಸಿರುವುದು ದೇಶವಿದೇಶಗಳಲ್ಲಿ ಮತ್ತೆಮತ್ತೆ ಪತ್ತೆಯಾಗಿದೆ. ‘ಆಯುರ್ವೇದ, ಏನೂ ಆಗಲ್ಲ’ ಎಂಬ ಮಾತು ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಡೋಪಿಂಗ್ ಕಾನೂನಿನಲ್ಲಿ ಮೈಯೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಗೊತ್ತಿರಲಿಲ್ಲ ಎಂಬುದು ಶಿಕ್ಷೆ ಇಳಿಸಬಹುದೇ ಹೊರತು ತಪ್ಪನ್ನು ಅಳಿಸುವುದಿಲ್ಲ.

ಜಿಮ್ಮಿನ ಪುಡಿ ನಿಲ್ಲಿಸಿ. ಹದಿನೇಳರ ಹುಡುಗನಿಗೆ ಮೊಟ್ಟೆ, ಬೇಳೆ, ಹಾಲು, ಶೇಂಗಾದಿಂದ ಸಿಗದ ಪ್ರೋಟೀನ್ ಆ ಡಬ್ಬಿಯಲ್ಲೇನೂ ಇಲ್ಲ. ಕ್ಲಬ್ಬಿನವರೇ ಕೊಟ್ಟರೆ ಬ್ಯಾಚ್ ಪರೀಕ್ಷೆಯಾದದ್ದೇ, ಅಂದರೆ ಆ ತಯಾರಿಯಲ್ಲಿ ನಿಷೇಧಿತ ವಸ್ತು ಇದೆಯೇ ಎಂದು ಪರೀಕ್ಷಿಸಿದ್ದೇ ಎಂದು ಕೇಳಿ. ಪರೀಕ್ಷೆಯಾದದ್ದಕ್ಕೂ ನೂರಕ್ಕೆ ನೂರು ಖಾತರಿಯಿಲ್ಲ, ಅಪಾಯ ಕಡಿಮೆಯಾಗುತ್ತದೆ ಅಷ್ಟೆ. ಡಬ್ಬಿ ಎಸೆಯುವ ಮುನ್ನ ಲೇಬಲ್ಲು, ಬ್ಯಾಚ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ.

ನೆಗಡಿಗೆ ಪ್ಯಾರಾಸಿಟಮಾಲ್, ಸೆಟಿರಿಜಿನ್ ತೊಂದರೆಯಿಲ್ಲ. ಮೂಗು ಬಿಡಿಸುವ ಸುಡೋಎಫೆಡ್ರಿನ್ ಇರುವ ಗುಳಿಗೆ ಪಂದ್ಯದ ದಿನಗಳಲ್ಲಿ ಮಿತಿ ಮೀರಿದರೆ ಸಿಕ್ಕಿಹಾಕಿಸುತ್ತದೆ. ನಿಜವಾಗಿ ಹೆದರಬೇಕಾದ್ದು ನಮ್ಮ ಕಡೆಯ ಮೆಡಿಕಲ್ ಶಾಪುಗಳು ಸಣ್ಣ ಕವರಿನಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಮೂರು ಗುಳಿಗೆಗಳಿಗೆ. ಅದರಲ್ಲೊಂದು ಹಲವು ಸಲ ಸ್ಟೆರಾಯ್ಡ್ ಆಗಿರುತ್ತದೆ, ಬೇಗ ಗುಣವಾಗಲೆಂದು ಹಾಕಿದ್ದು. ಬಾಯಿಂದ ತೆಗೆದುಕೊಳ್ಳುವ ಅಂಥ ಸ್ಟೆರಾಯ್ಡ್ ಸ್ಪರ್ಧೆಯ ವೇಳೆ ನಿಷಿದ್ಧ, 2022ರಿಂದ ಇಂಜೆಕ್ಷನ್ ಕೂಡ. ಗುಳಿಗೆಯ ಸ್ಟ್ರಿಪ್ಪಿನ ಮೇಲಿನ ಹೆಸರು ಓದಿಯೇ ಕೊಳ್ಳಿ, ನಾಡಾದ (ಭಾರತದ ಡೋಪಿಂಗ್ ತಡೆ ಸಂಸ್ಥೆ) ‘ನೋ ಯುವರ್ ಮೆಡಿಸಿನ್’ ಆಪ್‌ನಲ್ಲಿ ಹೆಸರು ಹಾಕಿ ನೋಡಿ. ಆಸ್ತಮಾದಂಥ ಕಾಯಿಲೆಗೆ ಔಷಧಿ ಬೇಕೇಬೇಕಿದ್ದರೆ, ಅದು ನಿಷೇಧಿತ ಪಟ್ಟಿಯಲ್ಲಿದ್ದರೆ, ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕುವ ದಾರಿ ಇದೆ. ಹದಿನೆಂಟು ತುಂಬದ, ದೊಡ್ಡ ಮಟ್ಟದಲ್ಲಿ ಆಡದ ಹುಡುಗರನ್ನು ನಿಯಮ ‘ರಕ್ಷಿತ ವ್ಯಕ್ತಿ’ ಎಂದು ಗುರುತಿಸುತ್ತದೆ, ದೊಡ್ಡ ತಪ್ಪಿಲ್ಲವೆಂದು ಕಂಡರೆ ಎಚ್ಚರಿಕೆಯಲ್ಲೇ ಮುಗಿಯಲೂಬಹುದು.

ಹಾಸ್ಟೆಲಿನ ರಾತ್ರಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಯಾವತ್ತಾದರೂ ಏನಾದರೂ ಆದರೆ ಮೊದಲು ಅಪ್ಪನಿಗೆ ಫೋನ್ ಮಾಡಬಹುದು ಎಂಬ ಧೈರ್ಯ ಮಗನಿಗೆ ಇರಲಿ. ಪರೀಕ್ಷೆಯಲ್ಲಿ ಬೀಳುವ ಮುನ್ನ ಚಿಕಿತ್ಸೆಗೆ ಹೋದವನಿಗೆ ದಾರಿಗಳು ತೆರೆದಿರುತ್ತವೆ. ಆಮೇಲೆ ಒಂದೊಂದಾಗಿ ಮುಚ್ಚುತ್ತವೆ.

ಇನ್ನು ಕಾಗದ. ಆ ಸಾಲನ್ನು ತೆಗೆಯಿರಿ ಎಂದು ಕೇಳಬಹುದು. ಹೆಚ್ಚಿನ ಕ್ಲಬ್ಬುಗಳು ಒಪ್ಪುವುದಿಲ್ಲ, ಕೆಲವು ಹುಡುಗನನ್ನೇ ಬಿಟ್ಟುಬಿಡುತ್ತವೆ. ಮೂರರ ಬದಲು ಒಂದು ವರ್ಷಕ್ಕೆ ಸಹಿ ಹಾಕಬಹುದು. ಬಾಕಿ ತಿಂಗಳು ಕಡಿಮೆಯಾದಷ್ಟೂ ನಷ್ಟದ ಲೆಕ್ಕ ಚಿಕ್ಕದಾಗುತ್ತದೆ, ಆದರೆ ಮಂಡಿ ಮುರಿದರೆ ಹನ್ನೆರಡನೇ ತಿಂಗಳಿಗೆ ಮನೆಗೆ. ಸಂಬಳವಿಲ್ಲದ ಹವ್ಯಾಸಿಯಾಗಿ ನೋಂದಾಯಿಸಿಕೊಂಡರೆ ಸ್ವತಂತ್ರ, ಕೈ ಖಾಲಿ. ನನ್ನನ್ನು ಕೇಳಿದರೆ ಸಾಲು ಇರಲಿ, ಅದಕ್ಕೆ ಬೇಲಿ ಹಾಕಿ. ‘ಪತ್ತೆಯಾದರೆ’ ಎಂಬಲ್ಲಿ ‘ಡೋಪಿಂಗ್ ವಿಚಾರಣೆಯ ಅಂತಿಮ ತೀರ್ಪಿನಲ್ಲಿ ಉದ್ದೇಶಪೂರ್ವಕ ಎಂದು ಸಾಬೀತಾದರೆ’ ಎಂದಾಗಲಿ. ‘ನಷ್ಟ’ ಎಂಬಲ್ಲಿ ಒಂದು ಗರಿಷ್ಠ ಮೊತ್ತ ಬರಲಿ, ಮೂರು ತಿಂಗಳ ಸಂಬಳ ಮೀರದಂತೆ. ನಿಮ್ಮ ಮಗನನ್ನು ಯಾರಿಂದಲೂ ದುಡ್ಡು ಕೊಟ್ಟು ಕೊಂಡಿಲ್ಲವಾದ್ದರಿಂದ ಮುಟುವಿನಂಥ ಲೆಕ್ಕ ಹುಟ್ಟುವುದಿಲ್ಲ. ಆದರೆ ಹಾಸ್ಟೆಲು, ಊಟ, ಕೋಚಿಂಗ್ ಎಂದು ಪಟ್ಟಿ ಬರೆದು ಲಕ್ಷಗಳನ್ನು ಕೇಳಿದ್ದು ನನಗೆ ಗೊತ್ತು. ನಮ್ಮ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರಿನಲ್ಲೇ ಮೊತ್ತ ಬರೆದಿದ್ದರೆ ಪರಿಹಾರ ಅದನ್ನು ದಾಟುವಂತಿಲ್ಲ, ಅದಕ್ಕೇ ಅಂಕಿ ಬರೆಸಿಕೊಳ್ಳಿ ಅನ್ನುವುದು.

ಎಲ್ಲಕ್ಕಿಂತ ಮುಖ್ಯ, ಕೊನೆಯ ಪುಟದಲ್ಲಿ ನಿಮ್ಮ ಹೆಸರಿನ ಕೆಳಗೆ ಏನು ಅಚ್ಚಾಗಿದೆ ನೋಡಿ. ಭಾರತದಲ್ಲಿ ಹದಿನೆಂಟು ತುಂಬದವನು ಮಾಡಿಕೊಂಡ ಕರಾರಿಗೆ ಬಲವಿಲ್ಲ, ಹಾಗಾಗಿ ಕ್ಲಬ್ಬಿಗೆ ನಿಮ್ಮ ಸಹಿ ಬೇಕು. ‘ಪೋಷಕ’ ಎಂದಿದ್ದರೆ ಒಂದು ಮಾತು. ‘ಜಾಮೀನುದಾರ’ ಎಂದಿದ್ದರೆ ಮಗ ಕಟ್ಟಬೇಕಾದ್ದನ್ನು ನಿಮ್ಮಿಂದ ವಸೂಲು ಮಾಡುತ್ತಾರೆ. ಆ ಪದವನ್ನು ಹೊಡೆದುಹಾಕಿಸಿ, ಹೊಡೆದ ಜಾಗದಲ್ಲಿ ಎರಡೂ ಕಡೆಯವರು ಸಹಿ ಮಾಡಲಿ. ಈ ಮೂರು ತಿದ್ದುಪಡಿಗಳನ್ನು ಇಮೇಲಿನಲ್ಲೇ ಕೇಳಿ, ಫೋನಿನಲ್ಲಿ ಬೇಡ. ‘ಅದೆಲ್ಲ ಬರೀ ಫಾರ್ಮಾಲಿಟಿ ಸರ್’ ಎಂದು ಮ್ಯಾನೇಜರು ಹೇಳಿದರೆ, ಹಾಗಿದ್ದರೆ ತೆಗೆಯಲು ಕಷ್ಟವೇನು ಎಂದು ಕೇಳಿ. ಅವರ ಉತ್ತರ ಬರಹದಲ್ಲಿ ಬಂದ ಮೇಲೆ ಸಹಿ ಹಾಕಿ.